ಟೈರಿನ ಎರಡು ಮೈ

ನವೆಂಬರ್ 4, ಮಂಗಳವಾರ

ನರ್ಸಮ್ಮನ ಕಾರಿನಲ್ಲಿ ಎಬಿಎಸ್ ಲೈಟ್ ಹತ್ತಿಕೊಂಡಿದೆ, ಆರುತ್ತಿಲ್ಲ. ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದು ನರ್ಸಮ್ಮನೇ. ಸ್ವಲ್ಪ ಹೊತ್ತಿಗೆ ಕಾರನ್ನೂ ತಂದು ಬಿಟ್ಟರು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವುದು ಅವರ ಕೆಲಸ. ಗುಡ್ಡದ ಮೇಲಿನ ಬಡಾವಣೆ ಅವರ ಪಾಲಿಗೇ ಬಂದಿದೆ. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ಕಾಯುವುದು ಎಬಿಎಸ್. ಅದಿಲ್ಲದೆ ಗುಡ್ಡ ಹತ್ತಬೇಡಿ ಎಂದರು ಮಾವ.

"ನಡೆಯೋಕಾಗದೋರ ಮನೆಗೆ ಹೋಗೋದು ನನ್ನ ಕೆಲಸ. ಈಗ ನಾನೇ ನಡ್ಕೊಂಡು ಹೋಗ್ಬೇಕಾ?" ಎಂದು ಕೇಳಿ ನರ್ಸಮ್ಮ ಚೀಲ ಹೆಗಲಿಗೇರಿಸಿಕೊಂಡು ನಡೆದೇ ಹೋದರು.

ಸ್ಕ್ಯಾನರ್ ಹಾಕಿದರೆ ಎಡಗಡೆ ಮುಂದಿನ ಚಕ್ರ ಎಂದಿತು. ಅದು ಹೇಳುವುದು ಅಷ್ಟನ್ನೇ. ಚಕ್ರದ ವೇಗ ಎಣಿಸುವ, ಬೆರಳಷ್ಟಿರುವ ಸೆನ್ಸರ್ ಕೆಟ್ಟಿದೆಯೋ, ಬೇರಿಂಗನ್ನು ಒಳಗಿಟ್ಟುಕೊಂಡು ಚಕ್ರವನ್ನು ಹೊರುವ ಹಬ್ಬೇ ಕೆಟ್ಟಿದೆಯೋ ಎನ್ನುವುದನ್ನು ಮನುಷ್ಯರು ಹೇಳಬೇಕು. ಸೆನ್ಸರ್ ಆದರೆ ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಹಬ್ ಆದರೆ ಬೇರೆ ಊರಿಂದ ತರಿಸಬೇಕು, ಕಾಯಬೇಕು.

ಇಂಥದ್ದಕ್ಕೆ ನಮ್ಮ ವರ್ಕ್‌ಶಾಪಿನಲ್ಲಿ ಮಾವ ಮಾಡಿಟ್ಟ ಪದ್ಧತಿಯಿದೆ. ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಮಾತಾಡಿಕೊಳ್ಳಬಾರದು. ಬಿಚ್ಚಿ ಮಲಗಿಸಿದ ಟೈರಿನ ಒಂದು ಮೈಗೆ ಒಬ್ಬರು ತಮ್ಮ ತೀರ್ಮಾನವನ್ನು ಸೀಮೆಸುಣ್ಣದಲ್ಲಿ ಬರೆಯಬೇಕು. ಟೈರನ್ನು ಮಗುಚಿದ ಮೇಲೆ ಇನ್ನೊಬ್ಬರು ಇನ್ನೊಂದು ಮೈಗೆ ಬರೆಯಬೇಕು. ಆಮೇಲೆ ಮಾವ ಟೈರ್ ಎತ್ತಿ ನಿಲ್ಲಿಸಿ, ಎರಡೂ ಮೈ ಓದಿ ಕೊನೆ ಮಾತು ಹೇಳುತ್ತಾರೆ.

ನಾನು ಈ ಮನೆಗೆ ಸೊಸೆಯಾಗಿ ಬಂದು, ಮಾವನಿಗೆ ಟಾರ್ಚ್ ಹಿಡಿಯುತ್ತಾ ಕೆಲಸ ಕಲಿತವಳು. ಆಮೇಲೆ ಟೈರಿನ ಒಂದು ಮೈ ಅವರದು, ಒಂದು ಮೈ ನನ್ನದು. ಈ ಬೇಸಿಗೆಯಲ್ಲಿ ಮೈದುನನ ಮದುವೆಯಾಯಿತು. ವಾರಗಿತ್ತಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವಳು. ಬಂದು ಸೂಟ್‌ಕೇಸ್ ಬಿಚ್ಚುವ ಮೊದಲೇ ಸೀಮೆಸುಣ್ಣ ಹಿಡಿದಳು. ಮನಸ್ಸಿನಲ್ಲಿ ನಾನು ಅವಳನ್ನು ಡಿಪೋ ಎನ್ನುತ್ತೇನೆ.

ಮಾವನ ಬಲಗೈ ನಡುಗುತ್ತದೆ. ಕೆಲಸ ಸಾಕು ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ತಿಂಗಳ ಕೊನೆಗೆ ಬಿಡುತ್ತಾರೆ. ಮುಂದೆ ಕೊನೆ ಮಾತು ಒಬ್ಬರದೇ ಆಗಿರಬೇಕು ಎಂದಿದ್ದಾರೆ, ಯಾರದು ಎಂದಿಲ್ಲ.

ಇವತ್ತು ನಾನು ಸೆನ್ಸರಿನ ವೈರ್ ಅಲ್ಲಾಡಿಸಿದೆ. ರೀಡಿಂಗ್ ಬಂತು, ಹೋಯಿತು. 'ಸೆನ್ಸರ್' ಎಂದು ಬರೆದೆ. ಅವಳು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಹಬ್ಬಿಗಿಟ್ಟು, ಹಿಡಿಯನ್ನು ಕಿವಿಗಿಟ್ಟುಕೊಂಡು ಚಕ್ರ ತಿರುಗಿಸಿದಳು. ಅದು ಮಾವ ನನಗೆ ಕಲಿಸಿದ ವಿದ್ಯೆ. ಅವಳಿಗೆ ಯಾವಾಗ ಕಲಿಸಿದರೋ.

ಮಾವ ಟೈರ್ ಎತ್ತಿ ಓದಿದರು. "ಚಿಕ್ಕೋಳು ಹಬ್ ಅಂತಾಳಲ್ಲ. ಯಾಕಮ್ಮಾ?"

"ಬೇರಿಂಗ್ ಒಳಗೆ ಸಣ್ಣಗೆ ಕರಕರ ಅಂತಿದೆ ಮಾವ."

"ನಿಂಗೆ ಕೇಳಿಸ್ತಾ ದೊಡ್ಡೋಳೇ?"

"ಇಲ್ಲ ಮಾವ" ಎಂದೆ. ನಾನು ಕಿವಿಯಿಟ್ಟಿರಲಿಲ್ಲ. ಸೆನ್ಸರ್ ಎಂದು ಗೊತ್ತಿರುವಾಗ ಯಾಕೆ ಇಡಬೇಕು?

ಮೊದಲು ಸೆನ್ಸರ್ ಹಾಕಿ ಎಂದರು ಮಾವ. ರಾತ್ರಿ ಊಟ ರುಚಿಯಾಗಿತ್ತು.

ನವೆಂಬರ್ 5, ಬುಧವಾರ

ಹೊಸ ಸೆನ್ಸರ್ ಕೂರಿಸಿದ್ದೇವೆ, ಲೈಟ್ ಆರಿಲ್ಲ. ಒಂದು ಸುತ್ತು ಓಡಿಸಿ ಬಂದು ಹೇಳಿದ್ದು ಡಿಪೋ. ಹೇಳುವಾಗ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬೈಯಬಹುದಿತ್ತು.

ಹಳೆಯ ಸೆನ್ಸರ್ ತುಕ್ಕು ಹಿಡಿದು ತೂತಿನಲ್ಲೇ ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ. ತಿರುಚಿದಾಗ ಅರ್ಧಕ್ಕೇ ಮುರಿಯಿತು. ಉಳಿದರ್ಧವನ್ನು ಡ್ರಿಲ್ ಹಾಕಿ ತೆಗೆಯಬೇಕಾಯಿತು. ಕಬ್ಬಿಣದ ಪುಡಿಯೆಲ್ಲ ತೂತಿನೊಳಗೆ ಬಿತ್ತು.

"ಅಕ್ಕಾ, ಗಾಳಿ ಪೈಪ್ ತರ್ಲಾ?" ಎಂದಳು.

"ಬೇಡ" ಎಂದು ನನ್ನ ಜೇಬಿನಿಂದ ಆಯಸ್ಕಾಂತದ ಕಡ್ಡಿ ತೆಗೆದೆ. ಪೆನ್ನಿನಂತೆ ಎಳೆದರೆ ಉದ್ದವಾಗುತ್ತದೆ, ತುದಿಯಲ್ಲಿ ಗುಂಡನೆಯ ಕಾಂತ. ಬಿದ್ದ ನಟ್ಟು, ಪುಡಿ ಯಾವುದನ್ನೂ ಬಿಡುವುದಿಲ್ಲ. ನಾನು ಮೊದಲ ಸಲ ಒಬ್ಬಳೇ ಬ್ರೇಕ್ ಕೆಲಸ ಮುಗಿಸಿದ ದಿನ ಮಾವ ತಮ್ಮ ಜೇಬಿನಿಂದ ತೆಗೆದು ಕೊಟ್ಟದ್ದು ಅದು.

"ಅಕ್ಕಾ, ಅದು ಒಳಗೆ..."

"ಗೊತ್ತು."

"ಅಲ್ಲ ಅಕ್ಕಾ, ರಿಂಗಿಗೆ..."

"ಗೊತ್ತು ಅಂದ್ನಲ್ಲ. ನಿಮ್ಮ ಡಿಪೋದಲ್ಲಿ ಕೈಕಟ್ಟಿ ನಿಲ್ಲೋದು ಕಲಿಸಿಲ್ವಾ?"

ಅವಳು ಕೈಕಟ್ಟಿ ನಿಂತಳು. ತೂತಿನ ತಳಕ್ಕೆ ಕಡ್ಡಿ ಮುಟ್ಟಿಸಿ, ತಿರುಗಿಸಿ ತಿರುಗಿಸಿ ಪುಡಿಯೆಲ್ಲ ಎಳೆದುಕೊಂಡೆ. ಒಂದು ಚೂರೂ ಉಳಿಯಲಿಲ್ಲ. ಅಷ್ಟು ಚೊಕ್ಕ ಕೆಲಸ ಮಾಡಿದರೂ ಲೈಟ್ ಆರುವುದಿಲ್ಲವೆಂದರೆ ಹೊಸ ಸೆನ್ಸರೇ ದಂಡಪಿಂಡ. ಬೇರೆ ಕಂಪನಿಯದು ತರಿಸುತ್ತೇನೆ ಎಂದು ಮಾವನಿಗೆ ಹೇಳಿದೆ. ಹೂಂ ಎಂದರು. ಅವರ ಹೂಂ ಮೊದಲಿನ ಹಾಗಿಲ್ಲ.

ನವೆಂಬರ್ 6, ಗುರುವಾರ

ಸೆನ್ಸರ್ ಬಂದಿಲ್ಲ. ಮಾವ ಮಧ್ಯಾಹ್ನದ ಟೀಯನ್ನು ಅವಳ ಬೆಂಚಿನ ಹತ್ತಿರ ಕೂತು ಕುಡಿದರು. ಗ್ಲಾಸ್ ನಡುಗಿ ಚೆಲ್ಲಿದಾಗ ಅವಳು ಒರೆಸಿ, "ಮಾವ, ನಿಮ್ಮ ಕೈಗೂ ಎಬಿಎಸ್ ಹಾಕ್ಸೋಣ್ವಾ?" ಎಂದಳು. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕೈಯನ್ನು ಕಂಡೂ ಕಾಣದಂತೆ ಇದ್ದವಳು ನಾನು. ಅದೇ ಮರ್ಯಾದೆ ಎಂದುಕೊಂಡಿದ್ದೆ.

ನವೆಂಬರ್ 8, ಶನಿವಾರ

ಎರಡನೇ ಸೆನ್ಸರಿಗೂ ಲೈಟ್ ಆರಿಲ್ಲ. ಈ ಸಲ ಓಡಿಸಿದ್ದು ನಾನೇ. ಬೀದಿಯ ತುದಿ ಮುಟ್ಟುವ ಮೊದಲೇ ಹತ್ತಿಕೊಂಡಿತು. ಕಾರನ್ನು ಅಲ್ಲೇ ತಿರುಗಿಸಿಕೊಂಡು ಬಂದೆ.

ನರ್ಸಮ್ಮ ಸಂಜೆ ಬಂದರು. ಕಾಲಿಗೆ ಬೊಬ್ಬೆ ಬಂದಿದೆಯಂತೆ. ಗುಡ್ಡದ ಮೇಲಿನ ಅಜ್ಜನ ಬೆನ್ನಿನ ಹುಣ್ಣಿಗೆ ದಿನಾ ಪಟ್ಟಿ ಬದಲಿಸಬೇಕು, ಎರಡು ದಿನದಿಂದ ಹೋಗಲಾಗಿಲ್ಲ ಎಂದರು. ನನ್ನ ಕಡೆ ನೋಡಿ ಹೇಳಲಿಲ್ಲ. ಡಿಪೋ ಅವರಿಗೆ ತನ್ನ ಸ್ಕೂಟರಿನ ಕೀಲಿ ಕೊಟ್ಟಳು. ನನ್ನ ಹತ್ತಿರವೂ ಸ್ಕೂಟರ್ ಇದೆ. ನನಗೆ ಹೊಳೆಯಲಿಲ್ಲ, ಅವಳಿಗೆ ಹೊಳೆಯಿತು. ಹೊಳೆಯುವುದೆಲ್ಲ ಅವಳಿಗೇ.

ಊಟಕ್ಕೆ ಕೂತಾಗ ಇದನ್ನೆಲ್ಲ ನಮ್ಮ ಯಜಮಾನರಿಗೆ ಹೇಳಿದೆ. ಇವರು ಓದುತ್ತಿದ್ದ ಪೇಪರ್ ಮಡಿಸಿಟ್ಟು, "ಆ ಕಾರಿನ ಲೈಟ್ ಬಿಡು. ನಿನ್ನ ಲೈಟ್ ಬೇಸಿಗೆಯಿಂದ ಉರೀತಾ ಇದೆ" ಎಂದರು. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಹೊಟ್ಟೆಕಿಚ್ಚಂತೆ. ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ನ್ಯಾಯ ಕೇಳುತ್ತಿದ್ದೇನೆ.

ನವೆಂಬರ್ 10, ಸೋಮವಾರ

ಕೆಟ್ಟಿರುವುದು ಹಬ್ಬಿನ ರಿಂಗ್. ತನ್ನ ಹಳೆಯ ಬಸ್ ಡಿಪೋದಿಂದ ಎರವಲು ತಂದ ಗ್ರಾಫ್ ಮೀಟರ್ ಹಾಕಿ ಅವಳು ತೋರಿಸಿದಳು. ಮಾವ, ನಾನು, ಇಬ್ಬರೂ ನೋಡಿದೆವು.

ಚಕ್ರ ತಿರುಗಿಸಿದರೆ ಪರದೆಯ ಮೇಲೆ ಗರಗಸದ ಹಲ್ಲಿನಂಥ ಗೆರೆ ಓಡುತ್ತದೆ. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಹಲ್ಲು ಮಾಯ. ಸೆನ್ಸರ್ ಕೆಟ್ಟಿದ್ದರೆ ಎಲ್ಲೆಂದರಲ್ಲಿ ತಪ್ಪುತ್ತಿತ್ತು. ಒಂದೇ ಜಾಗದಲ್ಲಿ ತಪ್ಪಿದರೆ ತಿರುಗುವ ವಸ್ತುವಿನಲ್ಲೇ ದೋಷ. ಇದನ್ನು ನಾನೂ ಒಪ್ಪಿದೆ. ಒಪ್ಪದೆ ಇರುವುದು ಹೇಗೆ, ಕಣ್ಣೆದುರಿಗಿತ್ತು.

"ಹಳೇ ಗಾಡಿಗಳಲ್ಲಿ ಕಬ್ಬಿಣದ ಹಲ್ಲಿನ ರಿಂಗ್ ಇರ್ತಿತ್ತಲ್ಲ ಮಾವ, ಇದರಲ್ಲಿ ಹಲ್ಲೇ ಇಲ್ಲ. ಬೇರಿಂಗಿನ ಸೀಲ್ ಮೇಲೆ ಒಂದು ಪಟ್ಟಿ. ಆ ಪಟ್ಟಿಗೆ ಕಾಂತ ತುಂಬಿರ್ತಾರೆ, ಗೆರೆ ಗೆರೆಯಾಗಿ. ಸೆನ್ಸರ್ ಅದನ್ನ ಓದುತ್ತೆ."

"ಅದು ಹೆಂಗೆ ಅಳಿಸಿ ಹೋಗುತ್ತೆ?" ಎಂದರು ಮಾವ.

"ಹಳೇ ಬೇರಿಂಗ್. ಆಗುತ್ತೆ ಮಾವ."

ಹಾಗೆನ್ನುವಾಗ ಅವಳು ನನ್ನ ಮುಖ ನೋಡಲಿಲ್ಲ. ನೋಡದೆ ಇದ್ದದ್ದನ್ನು ನಾನು ನೋಡಿದೆ.

ಅವಳು ಟೈರಿಗೆ ಬರೆದದ್ದೇ ನಿಜವಾದ ಹಾಗಾಯಿತು. ಮಾವ ಅವಳ ಬೆನ್ನು ತಟ್ಟಿದರು, ನಡುಗುವ ಕೈಯಲ್ಲೇ. ನನ್ನ ಬೆನ್ನು ತಟ್ಟಿ ಎಷ್ಟು ಕಾಲವಾಯಿತೋ. ನಾಳೆ ಹಬ್ ಬಿಚ್ಚುವುದು.

ನವೆಂಬರ್ 11, ಮಂಗಳವಾರ

ರಿಂಗ್ ಕೆಡಿಸಿದ್ದು ನಾನು. ಯಾರೂ ಹೇಳಲಿಲ್ಲ, ಕಣ್ಣಾರೆ ಕಂಡೆ.

ಮಾವ ಡಾಕ್ಟರ ಹತ್ತಿರ ಹೋಗಿದ್ದರು. ನಾವಿಬ್ಬರೇ ನಾಲ್ಕು ಬೋಲ್ಟ್ ಬಿಚ್ಚಿ ಹಬ್ ಇಳಿಸಿ ಬೆಂಚಿನ ಮೇಲಿಟ್ಟೆವು. ಅವಳು ಗುರುತಿನ ಚೀಟಿಯಷ್ಟಿರುವ ಒಂದು ಹಸಿರು ಹಾಳೆ ತಂದಳು. ಕಾಂತ ಎಲ್ಲಿದೆ ಎಂದು ಅದು ತೋರಿಸುತ್ತದೆಯಂತೆ. ರಿಂಗಿನ ಮೇಲೆ ಇಟ್ಟಾಗ, ಬರಿಗಣ್ಣಿಗೆ ಕಪ್ಪು ರಬ್ಬರಿನಂತೆ ಕಾಣುತ್ತಿದ್ದ ಪಟ್ಟಿಯ ಮೇಲೆ ಸ್ಕೇಲಿನ ಗೆರೆಗಳ ಹಾಗೆ ಒಂದರ ಪಕ್ಕ ಒಂದು ಗೆರೆ ಎದ್ದು ಬಂತು. ಎಷ್ಟು ಚಂದವಾಗಿತ್ತು. ಇಷ್ಟು ವರ್ಷ ಅದನ್ನು ಬಿಚ್ಚಿ, ಕಟ್ಟಿ ಮಾಡಿದ್ದೇನೆ, ಅದರೊಳಗೆ ಹೀಗೊಂದು ಬರಹ ಇದೆಯೆಂದು ಗೊತ್ತಿರಲಿಲ್ಲ.

ಹಾಳೆ ಸರಿಸುತ್ತಾ ಹೋದಳು. ಒಂದು ಕಡೆ ಗೆರೆಗಳಿಲ್ಲ. ಗುಂಡನೆಯ ಕಲೆ, ಒದ್ದೆ ಹಾಳೆಗೆ ಹೆಬ್ಬೆರಳು ಒತ್ತಿದ ಹಾಗೆ. ನಾನು ಜೇಬಿನಿಂದ ಕಡ್ಡಿ ತೆಗೆದು ಅದರ ತುದಿಯನ್ನು ದೂರದಿಂದಲೇ ಕಲೆಗೆ ಹೋಲಿಸಿದೆ. ಅಳತೆ ಮಾಡುವ ಅಗತ್ಯವಿರಲಿಲ್ಲ. ಅವತ್ತು ತೂತಿನ ತಳ ಮುಟ್ಟಿದ ನನ್ನ ಕಾಂತವೇ ರಿಂಗಿನ ಗೆರೆಗಳನ್ನು ಅಳಿಸಿತ್ತು.

"ಅವತ್ತೇ ಗೊತ್ತಿತ್ತಾ ನಿಂಗೆ?"

"ಅನುಮಾನ ಇತ್ತು ಅಕ್ಕಾ."

"ಮತ್ತೆ ಹೇಳೋಕೇನಾಗಿತ್ತು?"

"ಹೇಳಕ್ಕೆ ಬಂದೆ. ಗೊತ್ತು ಅಂದ್ರಿ. ಗೊತ್ತಿರೋರಿಗೆ ಏನಂತ ಹೇಳೋದು?"

ನಾನು ಕಡ್ಡಿ ಮಡಿಸಿ ಜೇಬಿಗಿಟ್ಟೆ. ಅವಳು ಹಾಳೆ ಒರೆಸಿ ಕವರಿಗೆ ಹಾಕುತ್ತಾ, "ಆ ಕಡ್ಡಿ ಮಾವ ಕೊಟ್ಟಿದ್ದಂತಲ್ಲ. ಮದುವೆಯಾದ ವಾರದಲ್ಲೇ ನಮ್ಮನೆಯವರು ಹೇಳಿದ್ರು. ಅತ್ತಿಗೆಗೆ ಅಪ್ಪ ಕಡ್ಡಿ ಕೊಟ್ಟಿದಾರೆ, ನೀನು ಎಷ್ಟು ಕುಣಿದ್ರೂ ಅಷ್ಟೇ ಅಂತ" ಎಂದಳು. ಆಮೇಲೆ, "ನಂಗೆ ಮಾವ ಏನೂ ಕೊಟ್ಟಿಲ್ಲ. ಬರೀ ನಗ್ತಾರೆ" ಎಂದಳು.

ಈಗ ಬರೆಯುತ್ತಾ ಲೆಕ್ಕ ಹಾಕುತ್ತಿದ್ದೇನೆ. ಮಾವನಿಗೆ ಹಳೇ ಬೇರಿಂಗ್ ಎಂದು ಹೇಳಿ ಅವಳು ನನ್ನ ಮಾನ ಉಳಿಸಿದಳು. ಹಾಗೆ ಹೇಳಿದ್ದರಿಂದಲೇ ಅವಳು ಟೈರಿಗೆ ಬರೆದದ್ದು ನಿಜವಾಯಿತು, ಬೆನ್ನು ತಟ್ಟಿಸಿಕೊಂಡಳು. ಒಳ್ಳೆಯತನವೋ, ಜಾಣತನವೋ? ಎರಡೂ ಒಟ್ಟಿಗೇ ಇರಬಹುದು. ಎರಡರಲ್ಲೂ ಅವಳೇ ಮುಂದೆ ಎನ್ನುವುದು ಮೈ ಪರಚಿಕೊಳ್ಳುವ ಹಾಗೆ ಮಾಡುತ್ತಿದೆ.

ನವೆಂಬರ್ 12, ಬುಧವಾರ

ಇವತ್ತು ಒಂದು ವಿಷಯ ಹೊಳೆದಿದೆ. ಹೊಳೆದದ್ದು ನನಗೇ.

ಬಾಯಿ ಮುಚ್ಚಿಕೊಂಡಿದ್ದರೆ ಹಬ್ ತಾನಾಗಿ ಕೆಟ್ಟಿತ್ತು ಎಂದಾಗುತ್ತದೆ, ಅವಳು ಗೆಲ್ಲುತ್ತಾಳೆ. ರಿಂಗ್ ಕೆಡಿಸಿದ್ದು ನನ್ನ ಕಡ್ಡಿ ಎಂದು ಹೇಳಿಬಿಟ್ಟರೆ, ಕಾರು ಬಂದಾಗ ಹಬ್ ಸರಿಯಾಗಿಯೇ ಇತ್ತು, ಕೆಟ್ಟಿದ್ದು ಸೆನ್ಸರೇ ಎಂದಾಗುತ್ತದೆ. ಹಳೆಯ ಸೆನ್ಸರ್ ಪುಡಿಯಾಗಿದೆ, ಅದು ಬಂದು ಸಾಕ್ಷಿ ಹೇಳುವುದಿಲ್ಲ. ಕಾಂತದ ರಿಂಗ್ ಮಾವನಿಗೂ ಹೊಸದು, ನಿನಗೆ ಗೊತ್ತಿರಬೇಕಿತ್ತು ಎನ್ನಲು ಅವರಿಗೂ ಬಾಯಿಲ್ಲ. ತಪ್ಪು ಒಪ್ಪಿಕೊಂಡರೆ ನಾನೇ ಗೆಲ್ಲುತ್ತೇನೆ.

ಈ ವಾರದಲ್ಲಿ ಮೊದಲ ಸಲ ಹಸಿವಾಯಿತು. ನಾಳೆ ಮಾವನಿಗೆ ಹೇಳುತ್ತೇನೆ. ಅವಳು ಇಲ್ಲದಾಗ ಹೇಳುವುದು ಒಳ್ಳೆಯದು.

ನವೆಂಬರ್ 13, ಗುರುವಾರ

ಒಂದನೇ ತಾರೀಕಿನಿಂದ ಕೊನೆ ಮಾತು ವಾರಗಿತ್ತಿಯದು. ಮಾವ ಇವತ್ತು ಹೇಳಿದರು. ನನಗೇ ಮೊದಲು ಹೇಳಿದರು.

ಅವಳು ಬೆಳಿಗ್ಗೆ ಮೈದುನನ ಜೊತೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಳು, ಹೊಸ ಹಬ್ಬಿಗೆ ಆರ್ಡರ್ ಕೊಡಲು. ಮಾವ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಿದ್ದರು. ಕಡ್ಡಿಯನ್ನು ಅವರ ಮುಂದೆ ಹಿಡಿದು ಎಲ್ಲ ಹೇಳಿದೆ. ಅವಳು ಎಚ್ಚರಿಸಲು ಬಂದದ್ದನ್ನು ಬಿಟ್ಟುಬಿಡಬೇಕೆಂದಿದ್ದೆ. ಮಾತು ಶುರುವಾದ ಮೇಲೆ ಅದೂ ಬಂದುಬಿಟ್ಟಿತು.

ಮಾವ ಕಡ್ಡಿಯನ್ನು ಎಳೆದರು, ಮಡಿಸಿದರು, ಮತ್ತೆ ಎಳೆದರು. "ನಾನಾಗಿದ್ರೂ ಇದನ್ನೇ ಹಾಕ್ತಿದ್ದೆ" ಎಂದರು. "ನಂಗೂ ಗೊತ್ತಿರ್ಲಿಲ್ಲವಲ್ಲ. ಹಂಗಾದ್ರೆ ನೀನು ಸೆನ್ಸರ್ ಅಂದಿದ್ದು ಸರಿ ಇದ್ರೂ ಇರಬಹುದು."

"ಇರಬಹುದು ಮಾವ."

"ಬೇರಿಂಗ್ ಹೆಂಗಿದೆ? ಅದು ಚೆನ್ನಾಗಿದ್ರೆ ಸೆನ್ಸರೇ. ಬೇರಿಂಗ್ ಸವೆದಿದ್ರೆ ರಿಂಗ್ ಅಲ್ಲಾಡುತ್ತೆ, ಅದಕ್ಕೂ ಲೈಟ್ ಬರುತ್ತೆ. ತಿರುಗಿಸಿ ನೋಡು. ನನ್ನ ಕೈಗೆ ಈಗ ಏನೂ ಗೊತ್ತಾಗಲ್ಲ."

ಬೆಂಚಿನ ಹತ್ತಿರ ಹೋದೆ. ಹಬ್ಬನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ತಿರುಗಿಸಿದೆ. ಮೊದಲ ಸುತ್ತಿಗೆ ಏನೂ ಇಲ್ಲ. ಎರಡನೇ ಸುತ್ತಿಗೆ, ನುಣ್ಣಗಿನ ಹಿಟ್ಟಿನಲ್ಲಿ ಬೆರಳಾಡಿಸುವಾಗ ಮರಳಿನ ಕಾಳು ಸಿಕ್ಕ ಹಾಗೆ. ಕಿವಿಗೆ ಹಿಡಿದೆ. ಕರಕರ. ಸಣ್ಣಗೆ. ನನ್ನ ಕಡ್ಡಿ ಬೇರಿಂಗನ್ನು ಸವೆಸುವುದಿಲ್ಲ. ಅದು ಕಾರು ಬಂದ ದಿನವೇ ಹಾಗಿತ್ತು.

ವರ್ಕ್‌ಶಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಳೆಯ ಹಬ್ ಸಂಜೆ ಗುಜರಿಗೆ ಹೋಗುತ್ತದೆ. ಮಾವ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆಗೇ ನೋಡುತ್ತಿದ್ದರು. ಮೊದಲೆಲ್ಲ "ಏನನ್ಸುತ್ತೆ ದೊಡ್ಡೋಳೇ?" ಎಂದು ಕೇಳುವಾಗ ನೋಡುತ್ತಿದ್ದರಲ್ಲ, ಹಾಗೆ.

"ಸವೆದಿದೆ ಮಾವ" ಎಂದೆ. "ಕರಕರ ಅಂತಿದೆ. ಚಿಕ್ಕೋಳಿಗೆ ಅವತ್ತೇ ಕೇಳಿಸಿತ್ತು. ನಾನು ಕಿವಿ ಇಟ್ಟಿರ್ಲಿಲ್ಲ."

ಹೇಳಿದ್ದು ಅಷ್ಟೇ. ಬೇರಿಂಗ್ ಹಾಗಿತ್ತು, ಇನ್ನೇನು ಹೇಳಲಿ.

ಮಾವ ಕಡ್ಡಿಯನ್ನು ಮಡಿಸಿದರು. ಆಮೇಲೆ ಕೊನೆ ಮಾತು ಯಾರದೆಂದು ಹೇಳಿದರು. ಆಗಲಿ ಎಂದೆ. ಕಡ್ಡಿಯನ್ನು ಅವರೇ ಇಟ್ಟುಕೊಳ್ಳುತ್ತಾರೇನೋ ಎಂದುಕೊಂಡಿದ್ದೆ, ತಿರುಗಿ ನನ್ನ ಕೈಗೇ ಕೊಟ್ಟರು. "ಟೈರಿಗೆ ಎರಡು ಮೈ ಇದೆಯಲ್ಲಮ್ಮಾ. ಒಂದು ನಿಂದೇ. ಅದನ್ನ ಯಾರಿಗೂ ಬಿಟ್ಟುಕೊಡಬೇಡ, ಅವಳಿಗೂ" ಎಂದರು.

ಅವಳು ಮಧ್ಯಾಹ್ನ ಬಂದಳು. ಮಾವ ಅವಳನ್ನೂ ಬಿಡಲಿಲ್ಲ. "ಹಳೇ ಬೇರಿಂಗ್ ಅಂತೆ! ಅಕ್ಕ ಅಂತ ಬ್ರೇಕ್ ವಿಷಯದಲ್ಲಿ ಸುಳ್ಳು ಹೇಳ್ತೀಯಾ? ನಾಳೆ ನಾನೇ ಕಡ್ಡಿ ಹಾಕಿದ್ರೆ ಮಾವ ಅಂತ ಸುಮ್ನಿರ್ತೀಯಾ?" ಎಂದು ಗದರಿಸಿದರು. ಅವಳ ಮುಖ ಸಣ್ಣದಾಯಿತು. ನನಗೆ ಖುಷಿಯಾಗಬೇಕಿತ್ತು. ಸ್ವಲ್ಪ ಆಯಿತು. ಆಮೇಲೆ, "ಸಾಕು ಬಿಡಿ ಮಾವ, ನಾನೇ ಅವಳ ಬಾಯಿ ಮುಚ್ಚಿಸಿದ್ದು" ಎಂದೆ.

ಪುಡಿ ಊದಿ ತೆಗೆಯಲು ಸಣ್ಣ ಗಾಳಿ ಪೈಪನ್ನು ನನ್ನ ಬೆಂಚಿನ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ. ಕಡ್ಡಿಯನ್ನು ಎಂಜಿನ್ ಕೆಲಸದ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ 'ಚಕ್ರದ ಹತ್ತಿರ ಬೇಡ' ಎಂದು ಸೀಮೆಸುಣ್ಣದಲ್ಲಿ ಬರೆದೆ. ಸಂಜೆ ಕಾರಿನ ಅಡಿಯಲ್ಲಿದ್ದವಳನ್ನು "ಏ ಡಿಪೋ, ಹದಿನೇಳರ ಸ್ಪ್ಯಾನರ್ ಎಲ್ಲಿಟ್ಟೆ?" ಎಂದು ಕೂಗಿದೆ. ಬಾಯಿತಪ್ಪಿ ಬಂತು. ಕಾರಿನ ಅಡಿಯಿಂದ ನಗು ಕೇಳಿಸಿತು. "ಇಷ್ಟು ದಿನ ಬೆನ್ನ ಹಿಂದೆ ಕರೀತಿದ್ರಿ ಅಲ್ವಾ ಅಕ್ಕಾ" ಎಂದಳು. ಸ್ಪ್ಯಾನರ್ ಅವಳ ಜೇಬಿನಲ್ಲೇ ಇತ್ತು.

ನರ್ಸಮ್ಮನಿಗೆ ಫೋನ್ ಮಾಡಿ ನಾನೇ ವಿಷಯ ತಿಳಿಸಿದೆ. ಸ್ಕೂಟರ್ ಇರಲಿ ಎಂದೆ. ಗುಡ್ಡದ ಅಜ್ಜನ ಹುಣ್ಣು ಹೇಗಿದೆ ಎಂದು ಕೇಳಿದೆ. ವಾಸಿಯಾಗುತ್ತಿದೆಯಂತೆ.

ಹೊಟ್ಟೆ ಉರಿಯುತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಾವ ಇವತ್ತೂ ಟೀ ಅವಳ ಬೆಂಚಿನ ಹತ್ತಿರವೇ ಕುಡಿದರು. ನಾನೂ ನನ್ನ ಗ್ಲಾಸ್ ತೆಗೆದುಕೊಂಡು ಅಲ್ಲಿಗೇ ಹೋದೆ.

ಹೊಸ ಹಬ್ ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆ. ಕೂರಿಸುವುದು ಅವಳು. ಟಾರ್ಚ್ ಹಿಡಿಯುವುದು ನಾನು.